ಚುಕ್ಕಿ ಕೋಳಿ ನುಂಗಿದ ಕೆಂಪು ಎಳೆ

ಬೆಳಿಗ್ಗೆ ಬುಟ್ಟಿ ಎತ್ತಿದ ಕೂಡಲೇ ನನ್ನ ಪಾದ ತುಳಿದುಕೊಂಡು ಆಚೆ ಓಡುವುದು ಚುಕ್ಕಿಯ ಅಭ್ಯಾಸ. ಆ ಸೋಮವಾರ ಓಡಲಿಲ್ಲ. ಒಂಬತ್ತು ಮರಿಗಳು ಮಾತ್ರ ಚಿಂವ್‌ಗುಟ್ಟುತ್ತಾ ಹೊರಗೆ ಬಂದವು. ಅವುಗಳ ತಾಯಿ ಕತ್ತು ಒಳಗೆಳೆದುಕೊಂಡು, ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಲ್ಲೇ ಕೂತಿತ್ತು. ಜೋಳ ಎರಚಿದೆ. ಮರಿಗಳಿಗೆ ಕಾಳು ತೋರಿಸಿ ಕರೆಯುವ ಕೊಕ್ ಕೊಕ್ ಸದ್ದೂ ಇಲ್ಲ.

ಕೋಳಿ ಒಂದು ಹೊತ್ತು ಮಂಕಾದರೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ನಾನು ಬಡಿದುಕೊಂಡೆ. ಅದರ ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ನಮ್ಮ ಹಿತ್ತಲಲ್ಲಿ ಒಂದೇ ವಾರಕ್ಕೆ ಹದಿನಾಲ್ಕು ಕೋಳಿ ಸತ್ತಿದ್ದವು. ಉಳಿದದ್ದು ಮೂರು. ಒಂದು ಹುಂಜ, ಮೊಟ್ಟೆ ಇಡುವುದನ್ನು ಮರೆತೇಬಿಟ್ಟ ಒಂದು ಮುದಿ ಕೋಳಿ, ಮತ್ತೆ ಚುಕ್ಕಿ. ಮುದಿ ಕೋಳಿ ನನ್ನ ಹಾಗೆ, ತಿನ್ನುವುದಕ್ಕೆ ಮುಂದು, ಕೆಲಸಕ್ಕೆ ಹಿಂದು. ಹಿತ್ತಲು ಮತ್ತೆ ತುಂಬಬೇಕಾದರೆ ಚುಕ್ಕಿಯೇ ತುಂಬಬೇಕಿತ್ತು. ಇಪ್ಪತ್ತೊಂದು ದಿನ ಕಾವು ಕೂತು ಒಂಬತ್ತು ಮರಿ ಮಾಡಿತ್ತು. ಮರಿಗಳಿಗೆ ಹತ್ತೇ ದಿನ. ಪುಷ್ಯ ಮಾಸದ ಚಳಿ. ತಾಯಿ ರೆಕ್ಕೆಯ ಅಡಿ ಇಲ್ಲದಿದ್ದರೆ ಅವು ಉಳಿಯುವ ಹಾಗಿರಲಿಲ್ಲ.

ನಮ್ಮ ತಾಲ್ಲೂಕಿನ ದನದ ಡಾಕ್ಟರು, ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯಿರಿ, ಕೋಳಿ ಸಾಕುವ ನಾಲ್ಕು ಜನ ಓದಲಿ ಅಂದದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಟೈಪು ಮಾಡಲು ಕಲಿತು ಮೂರು ತಿಂಗಳಾಯಿತು. ಒತ್ತಕ್ಷರ ಬಂದರೆ ನಿಧಾನ, ಬೈಗುಳ ಬಂದರೆ ಬೇಗ.

ಮೊದಲು ಮಾಡಿದ ಕೆಲಸ ಕೋಳಿಯನ್ನು ಬೇರೆ ಮಾಡಿದ್ದು. ಸೌದೆ ಇಡುವ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಮೇಲೆ ಬುಟ್ಟಿ ಮುಚ್ಚಿದೆ. ಮರಿಗಳನ್ನು ಇನ್ನೊಂದು ಬುಟ್ಟಿಯಲ್ಲಿ ಹಾಕಿ, ಒಲೆಯ ಪಕ್ಕ ಬಿಸಿ ಮಾಡಿದ ಇಟ್ಟಿಗೆಗೆ ಹಳೆ ಬಟ್ಟೆ ಸುತ್ತಿ ಅವುಗಳ ಮಧ್ಯೆ ಇಟ್ಟೆ. ಇಟ್ಟಿಗೆ ಬೆಚ್ಚಗಿರುತ್ತದೆ, ಆದರೆ ಅದು ಕೊಕ್ ಕೊಕ್ ಅನ್ನುವುದಿಲ್ಲ. ಒಂಬತ್ತೂ ಸೇರಿ ಇಡೀ ದಿನ ಒಂದೇ ಸಮನೆ ಅತ್ತವು.

ಆ ಅಳು ಕೇಳಿ ಎದುರು ಮನೆಯವಳು ಗೋಡೆಯ ಮೇಲಿಂದ ಇಣುಕಿದಳು. ಅವಳ ಮನೆಯ ಮಾತು ತೆಲುಗು. ನನ್ನ ಜೊತೆ ಎರಡನ್ನೂ ಕಲಸಿ ಆಡುತ್ತಾಳೆ.

"ಏಮಕ್ಕಾ, ಮತ್ತೆ ಅದೇ ಬಂತಾ? ನಿಮ್ಮ ಹುಂಜನ್ನ ನಮ್ಮ ಕಡೆ ಬಿಡಬ್ಯಾಡ್ರಿ. ನಂದು ಹನ್ನೆರಡು ಅವೆ."

ಅವಳನ್ನು ತಪ್ಪು ಅನ್ನುವ ಹಾಗಿಲ್ಲ. ಹೋದ ಸಲ ಅವಳಿಗೂ ಏಳು ಹೋಗಿದ್ದವು. ಹುಂಜನ ಕಾಲಿಗೆ ಹಗ್ಗ ಕಟ್ಟಿದೆ. ಅದು ನನ್ನನ್ನು ನೋಡಿದ ನೋಟ ಮಾತ್ರ ಇನ್ನೂ ನೆನಪಿದೆ.

ನಮ್ಮದು ರೇಷ್ಮೆ ನೇಯುವ ಮನೆ. ಮಗ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬಂದು ನೋಡಿದ. ಅವನು ಹೇಳಿದ್ದು ನಮ್ಮ ಕಡೆ ಎಲ್ಲರೂ ಹೇಳುವುದನ್ನೇ. ರೋಗ ಅಂತ ಅನುಮಾನ ಬಂದರೆ ಕಾಯುವುದಿಲ್ಲ, ಕೊಯ್ದುಬಿಡುತ್ತಾರೆ.

"ಅವ್ವ, ಇವತ್ತೇ ಕೊಯ್ಯಾಣ. ನಾಳೆ ಸತ್ರೆ ಹೂಳಾದೊಂದೇ ದಾರಿ."

"ಮರಿಗಳ ಮ್ಯಾಲೆ ನೀನು ಕೂತ್ಕಂತೀಯಾ ಕಾವು ಕೊಡಾಕೆ?" ಅಂದೆ.

ಅವನು ತಿರುಗಿ ಮಗ್ಗಕ್ಕೆ ಹೋದ. ನಾನು ಹಾಗೆ ಬಾಯಿ ಮಾಡಿದೆನಾದರೂ ಧೈರ್ಯವೇನೂ ಇರಲಿಲ್ಲ. ಕೊಕ್ಕರೆ ರೋಗದ ಗುರುತು ನನಗೆ ಚೆನ್ನಾಗಿ ಗೊತ್ತು. ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಹಿಕ್ಕೆ ಹಸಿರು ಸುಣ್ಣದ ಹಾಗಿರುತ್ತದೆ, ಎರಡನೇ ದಿನಕ್ಕೆ ಕತ್ತು ತಿರುಚುತ್ತದೆ. ಚುಕ್ಕಿಗೆ ಇದ್ಯಾವುದೂ ಇರಲಿಲ್ಲ. ಹಿಕ್ಕೆ ತೀರಾ ಕಡಿಮೆ, ನೀರು ನೀರು, ಅಷ್ಟೆ. ಹಾಗಂತ ಬರುವುದಿಲ್ಲ ಎಂದೇನು? ಅವತ್ತೊಂದೇ ದಿನ ಇಪ್ಪತ್ತು ಸಲ ಕೊಟ್ಟಿಗೆಗೆ ಹೋಗಿ ಕತ್ತು ನೆಟ್ಟಗಿದೆಯಾ ಎಂದು ನೋಡಿ ಬಂದೆ. ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಉಂಡೆ ಮಾಡಿ ನುಂಗಿಸಿದೆ. ನಿಶ್ಶಕ್ತಿ ಆಗಬಾರದು ಎಂದು ರಾಗಿ ಗಂಜಿಯನ್ನು ಚಮಚದಲ್ಲಿ ಎರಡು ಸಲ ಹಾಕಿದೆ. ಅದು ತಪ್ಪಾಗಿತ್ತು. ತಪ್ಪೆಂದು ಗೊತ್ತಾಗಿದ್ದು ಮಾರನೇ ಬೆಳಿಗ್ಗೆ.

ಕೋಳಿಯ ಕತ್ತಿನ ಬುಡದಲ್ಲಿ, ಎದೆಯ ಬಲಕ್ಕೆ, ಚರ್ಮದ ಕೆಳಗೆ ಒಂದು ಮೇವಿನ ಚೀಲ ಇರುತ್ತದೆ. ತಿಂದದ್ದೆಲ್ಲ ಮೊದಲು ಅಲ್ಲಿ ಕೂಡುತ್ತದೆ. ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ಸಂಜೆ ಕೈಯಿಟ್ಟು ನೋಡಿದರೆ ತುಂಬಿರಬೇಕು, ಬೆಳಗಿನ ಜಾವ ನೋಡಿದರೆ ಖಾಲಿ ಇರಬೇಕು. ಇದು ನನ್ನ ಅತ್ತೆ ಹೇಳಿಕೊಟ್ಟ ಪರೀಕ್ಷೆ. ಸೋಮವಾರವೇ ಮಾಡಬೇಕಿತ್ತು. ಹೆದರಿಕೆಯಲ್ಲಿ ರೋಗದ ಗುರುತನ್ನೇ ಹುಡುಕುತ್ತಾ ಮರೆತಿದ್ದೆ. ಮಂಗಳವಾರ ಬೆಳಗಾಗುವ ಮುಂಚೆ ಎದ್ದು ಕೈಯಿಟ್ಟೆ. ಚೀಲ ದೊಡ್ಡ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಒತ್ತಿದರೆ ಹಿಟ್ಟಿನ ಮುದ್ದೆಯಲ್ಲಿ ಬೆರಳು ಹೂತ ಹಾಗೆ ಗುಳಿ ಬಿತ್ತು, ಗುಳಿ ಹಾಗೇ ನಿಂತಿತು. ಬಾಯಿ ಮೂಸಿದರೆ ಹುಳಿ ನಾತ.

ಕೊಕ್ಕರೆ ರೋಗ ಅಲ್ಲ, ಮೇವು ಕಟ್ಟಿದೆ. ಮೊದಲು ಒಂದು ನಿಮಿಷ ಸಮಾಧಾನವಾಯಿತು. ಹುಂಜನ ಹಗ್ಗ ಬಿಚ್ಚಿದೆ. ಆಮೇಲೆ ಹೊಸ ಚಿಂತೆ ಶುರುವಾಯಿತು. ಕಟ್ಟಿದ್ದು ಏನು? ಅದರ ಮೇಲೆ ನಾನೇ ಎರಡು ಸಲ ರಾಗಿ ಗಂಜಿ ಹೊಯ್ದು ಗಾರೆ ಹಾಕಿದ್ದೆನಲ್ಲ.

ಮೇವು ಕಟ್ಟಿದರೆ ಎಣ್ಣೆ ಹಾಕಿ ತಿಕ್ಕುವುದು ರೂಢಿ. ಶೇಂಗಾ ಎಣ್ಣೆ ಉಗುರು ಬೆಚ್ಚಗೆ ಮಾಡಿ, ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೊಸೆಯನ್ನು ಕರೆದು ರೆಕ್ಕೆ ಹಿಡಿದುಕೊಳ್ಳಲು ಹೇಳಿದೆ. ಎಣ್ಣೆ ಬಿಡಲು ಕೊಕ್ಕು ತೆರೆದೆ. ನಾಲಿಗೆಯ ಬುಡದಲ್ಲಿ ಏನೋ ಕೆಂಪಗೆ ಕಂಡಿತು. ರಕ್ತ ಅಂದುಕೊಂಡೆ. ಫೋನಿನ ಬೆಳಕು ಬಿಡಿಸಿ ಕನ್ನಡಕ ಹಾಕಿಕೊಂಡು ನೋಡಿದರೆ ರೇಷ್ಮೆ ಎಳೆ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಹನ್ನೆರಡು ವರ್ಷದವಳಿದ್ದಾಗಿನಿಂದ ರೇಷ್ಮೆ ಎಳೆಯಲ್ಲಿ ಆಡಿದ ಕೈ ಇದು. ಸಿಕ್ಕಿನಲ್ಲಿ ಒಂದು ತುದಿ ಕಂಡರೆ ಸಾಕು, ಬುದ್ಧಿಗಿಂತ ಮುಂಚೆ ಬೆರಳು ಹೋಗಿ ಹಿಡಿದು ಎಳೆಯುತ್ತದೆ. ಎಳೆದೆ. ದಾರ ಸುತ್ತಿಟ್ಟ ಕಂಡಿಕೆಯಿಂದ ಬಿಚ್ಚಿದಷ್ಟು ಸಲೀಸಾಗಿ ಬಂತು. ಒಂದು ಗೇಣು ಬಂತು. ನೋಡೇ, ಎಷ್ಟು ಚೆಂದ ಬರುತ್ತಿದೆ ಎಂದು ಸೊಸೆಗೆ ಹೇಳಿಯೂಬಿಟ್ಟೆ. ಆಮೇಲೆ ಸಟ್ಟನೆ ನಿಂತಿತು. ನಾನು ಇನ್ನೊಂದಿಷ್ಟು ಜಗ್ಗಿದೆ. ಕೋಳಿ ಕತ್ತು ನೆಟ್ಟಗೆ ಚಾಚಿ, ಕಣ್ಣು ತಿರುಗಿಸಿ, ಬಾಯಿ ಅಗಲ ತೆರೆದು ಒದ್ದಾಡಿತು. ನಾಲಿಗೆ ನೀಲಿಯಾಯಿತು. ಸೊಸೆ "ಅತ್ತೆ, ಬಿಡ್ರಿ, ಬಿಡ್ರಿ" ಎಂದು ನನ್ನ ಕೈ ಹಿಡಿದಳು. ಬಿಟ್ಟೆ. ಹುರಿ ಹಾಕಿದ ರೇಷ್ಮೆ ಎಷ್ಟು ಗಟ್ಟಿ ಎನ್ನುವುದು ನಮಗಿಂತ ಯಾರಿಗೆ ಗೊತ್ತು? ಬಿಗಿಯಾಗಿ ಹಿಡಿದರೆ ಬೆರಳನ್ನೇ ಕೊಯ್ಯುತ್ತದೆ. ಅದರ ಗಂಟಲನ್ನು ಒಳಗಿನಿಂದ ಕೊಯ್ಯುತ್ತಿದ್ದೆ ನಾನು.

ಹೊರಗೆ ಬಂದ ಎಳೆಯನ್ನು ಕೊಕ್ಕಿನ ಹತ್ತಿರ ಕತ್ತರಿಸಿದೆ. ಮಿಕ್ಕದ್ದು ಒಳಗೆ ಹೋಯಿತು.

ಅಷ್ಟರಲ್ಲಿ ಮಗ ಬಂದ. ನನ್ನ ಕೈಯಲ್ಲಿ ಕೆಂಪು ಎಳೆ ಕಂಡ ಕೂಡಲೇ ಹೆಂಡತಿಯ ಮೇಲೆ ಹಾರಿದ. ಕಸ ಗುಡಿಸಿದಾಗ ಎಳೆ ಆರಿಸಿ ಚೀಲಕ್ಕೆ ಹಾಕು ಎಂದು ಎಷ್ಟು ಸಲ ಹೇಳಿಲ್ಲ, ಕಣ್ಣು ಎಲ್ಲಿಟ್ಟುಕೊಂಡು ಗುಡಿಸುತ್ತೀಯ ಎಂದು ಕೂಗಾಡಿದ. ಅವಳು ತಲೆ ತಗ್ಗಿಸಿ ಕೋಳಿಯ ಕೊಕ್ಕು ಒರೆಸಿದಳು.

ನಾನು ಅವಳ ಪರ ನಿಲ್ಲಲಿಲ್ಲ. ಆದರೆ ಆ ಎಳೆ ಅಲ್ಲಿಗೆ ಹೇಗೆ ಹೋಯಿತೆಂದು ನನಗೆ ಆಗಲೇ ಗೊತ್ತಾಗಿತ್ತು.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿಯುತ್ತಾ ಬಂದಾಗ, ಹಳೇ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಬೆರಳು ಜಾರದಿರಲಿ ಎಂದು ಬೂದಿ ಮುಟ್ಟಿಕೊಂಡು ಹೊಸೆಯುತ್ತಾರೆ, ಬೂದಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಿಂದಿನ ಶನಿವಾರ ಬಿಸಿಲಿಗೆಂದು, ಎಳೆ ಪೋಣಿಸಿದ ಬಾಚಣಿಗೆಯಂಥ ಅಚ್ಚನ್ನು ಅಂಗಳಕ್ಕೆ ತಂದು ಹೊಸೆಯಲು ಕೂತಿದ್ದೆ. ಚಳಿಗೆ ಬೆರಳು ಒಣಗಿ ಒಡೆದಿದ್ದವು, ಎಳೆ ನಿಲ್ಲುತ್ತಲೇ ಇರಲಿಲ್ಲ. ಹೊಸೆದದ್ದು ಬಿಚ್ಚಿಕೊಳ್ಳುತ್ತಿತ್ತು. ಮಗ ನೋಡಿದರೆ, ಅವ್ವನ ಕೈ ಮುಗಿಯಿತು, ಬೇರೆಯವರನ್ನು ಕರೆಸೋಣ ಅನ್ನುತ್ತಾನೆ. ಅವನು ನೋಡದ ಹಾಗೆ ಬಟ್ಟಲಲ್ಲಿ ಒಂದು ಹಿಡಿ ಮೆತ್ತನೆಯ ಅನ್ನ ತಂದಿಟ್ಟುಕೊಂಡು, ಬೂದಿಯ ಜೊತೆ ಅನ್ನ ಹಿಸುಕಿ ಬೆರಳಿಗೆ ಹಚ್ಚಿಕೊಂಡೆ. ಅಂಟಿತು. ಸಲೀಸಾಗಿ ಹೋಯಿತು. ಒಂದು ಕಡೆ ಒಂದಿಷ್ಟು ಎಳೆ ಸಿಕ್ಕು ಬಿದ್ದು ಹಾಳಾದವು, ಅದನ್ನೂ ಮಿಕ್ಕ ತುದಿಗಳನ್ನೂ ಮುದುರಿ ಪಕ್ಕಕ್ಕೆ ಎಸೆದೆ. ಬರೀ ರೇಷ್ಮೆಯನ್ನು ಯಾವ ಕೋಳಿಯೂ ತಿನ್ನುವುದಿಲ್ಲ. ಇಷ್ಟು ವರ್ಷ ತಿಂದಿಲ್ಲ. ನಾನು ಎಸೆದದ್ದು ಅನ್ನ ಮೆತ್ತಿದ ರೇಷ್ಮೆ.

ಬೈಸಿಕೊಂಡವಳು ಸೊಸೆ. ನಾನು ಎಣ್ಣೆಯ ಬಟ್ಟಲು ಎತ್ತಿಟ್ಟೆ.

ಡಾಕ್ಟರಿಗೆ ಫೋನು ಮಾಡಿದೆ. ಅವರು ಕುರಿಗಳಿಗೆ ಲಸಿಕೆ ಹಾಕಲು ಪರಶುರಾಂಪುರದ ಕಡೆ ಹೋಗಿದ್ದರು, ಬರುವುದು ಎರಡು ದಿನ ಅಂದರು. ಎಳೆಯ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಎಳೆದಿರಾ?

ಸ್ವಲ್ಪ, ಅಂದೆ.

ಎಷ್ಟು?

ಒಂದು ಗೇಣು.

ಹಿಂದುಗಡೆ ಕುರಿ ಅರಚುತ್ತಿದ್ದವು. ಅವರು ಒಂದೊಂದೇ ಬಿಡಿಸಿ ಹೇಳಿದರು. ಇನ್ನು ಮೇಲೆ ಎಳೆಯಬಾರದು. ಆಹಾರ ಕೊಡಬಾರದು. ತಲೆಕೆಳಗೆ ಹಿಡಿದು ಕಕ್ಕಿಸಬಾರದು, ಕಕ್ಕಿದ್ದು ಉಸಿರಿನ ನಾಳಕ್ಕೆ ಹೋದರೆ ಅಲ್ಲೇ ಸಾಯುತ್ತದೆ. ನಾಳೆ ಬೆಳಿಗ್ಗೆ ಚಳ್ಳಕೆರೆಯ ದನದ ಆಸ್ಪತ್ರೆಗೆ ಒಯ್ಯಿರಿ, ಅಲ್ಲಿಗೆ ನಾನು ಹೇಳಿರುತ್ತೇನೆ.

ಬುಧವಾರ ಬೆಳಿಗ್ಗೆ ಒಂದು ಮರಿ ಸತ್ತಿತ್ತು. ಇಟ್ಟಿಗೆ ಆರಿಹೋಗಿತ್ತು, ಬುಟ್ಟಿಯ ಅಂಚಿನಲ್ಲಿದ್ದದ್ದು ಸೆಟೆದುಕೊಂಡಿತ್ತು. ಉಳಿದದ್ದು ಎಂಟು. ಅದನ್ನು ಬೇಲಿಯ ಹತ್ತಿರ ಹೂತು, ಚುಕ್ಕಿಯನ್ನು ಕೈಚೀಲದಲ್ಲಿ ತಲೆ ಹೊರಗಿರುವ ಹಾಗೆ ಕೂರಿಸಿಕೊಂಡು, ಸೊಸೆಯನ್ನು ಜೊತೆಗೆ ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಕಂಡಕ್ಟರ್ ಬಾಗಿಲಲ್ಲೇ ನಿಂತಿದ್ದ. ಕೋಳಿಗೆ ಅರ್ಧ ಟಿಕೆಟ್ ಅಜ್ಜಿ ಅಂದ. ಸೀಟೂ ಅರ್ಧ ಕೊಡ್ತೀಯಾ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೈಚೀಲ ಒದ್ದೆಯಾಯಿತು. ಕೋಳಿಯ ಬಾಯಿಂದ ಹುಳಿ ನೀರು ಸುರಿಯುತ್ತಿತ್ತು. ಗೊರಗೊರ ಸದ್ದು. ಜುಟ್ಟು ಕಪ್ಪುಗೆಂಪಾಗಿತ್ತು. ಕೊಕ್ಕು ಮಾತ್ರ ಬಗ್ಗಿಸಿ ಬಾಯಿ ಒರೆಸಿದೆ, ಉಸಿರು ತಿರುಗಿತು. ನಡೆದು ಬಂದದ್ದಕ್ಕೇ ಹೀಗಾದರೆ, ಚಳ್ಳಕೆರೆ ಮುಟ್ಟುವ ತನಕ ಬಸ್ಸಿನ ಕುಲುಕಾಟದಲ್ಲಿ ಏನಾಗುತ್ತದೆ?

ಹತ್ತುತ್ತೀಯೋ ಇಲ್ಲವೋ ಎಂದು ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಲಿಲ್ಲ.

"ಮನೀಗೆ ನಡಿ. ನಾವೇ ಕೊಯ್ದು ತೆಗೆಯಾಣ," ಅಂದೆ ಸೊಸೆಗೆ.

ಅವಳು ನನ್ನ ಮುಖ ನೋಡಿದಳು. "ಕೊಯ್ಯಾದು ಅಂದ್ರೆ ನಿಮ್ಮ ಮಗ ಅಂದಂಗಾ, ನೀವು ಅಂದಂಗಾ?"

"ನಾನು ಅಂದಂಗೆ. ಕೊಯ್ದು ಮತ್ತೆ ಹೊಲಿಯಾದು."

ದಾರಿಯಲ್ಲೇ ಡಾಕ್ಟರಿಗೆ ಮತ್ತೆ ಫೋನು ಮಾಡಿದೆ. ಅವರು ಬೇಡ ಅಂದರು. ಆಮೇಲೆ ಕೋಳಿಯ ಉಸಿರು, ಜುಟ್ಟಿನ ಬಣ್ಣ ಕೇಳಿದರು.

"ಅಜ್ಜಿ, ಮಾಡಿ ಅಂತ ನಾನು ಹೇಳಲ್ಲ. ಮಾಡೇ ಮಾಡ್ತೀನಿ ಅಂದ್ರೆ, ತಪ್ಪದಂಗೆ ಮಾಡಾದು ಹೆಂಗೆ ಅಂತ ಹೇಳ್ತೀನಿ."

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಮೊದಲು ಚರ್ಮ ಕೊಯ್ಯಬೇಕು, ಆಮೇಲೆ ಚೀಲ. ಎರಡನ್ನೂ ಒಂದೇ ಏಟಿಗೆ ಕೊಯ್ಯಬಾರದು. ಚೀಲದ ಗಾಯ ಚರ್ಮದ ಗಾಯದ ನೇರಕ್ಕೆ ಬಾರದೆ ಸ್ವಲ್ಪ ಪಕ್ಕಕ್ಕಿರಲಿ. ಕಣ್ಣಿಗೆ ಕಾಣುವ ರಕ್ತನಾಳ ಬಿಟ್ಟು ಕೊಯ್ಯಬೇಕು. ಹೊಲಿಯುವಾಗ ಚೀಲವೇ ಬೇರೆ, ಚರ್ಮವೇ ಬೇರೆ, ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ದಾರ ಯಾವುದು ಎಂದು ಕೇಳಿದೆ. ಬಣ್ಣ ಹಾಕದ ಬಿಳಿ ರೇಷ್ಮೆ ಇದ್ದರೆ ಕುದಿಸಿಕೊಳ್ಳಿ, ಅದಕ್ಕಿಂತ ಒಳ್ಳೆಯದು ಸಿಗಲ್ಲ ಅಂದರು. ನಮ್ಮ ಮನೆಯಲ್ಲಿ ಸಕ್ಕರೆ ಇಲ್ಲದಿದ್ದರೂ ಅದು ಇರುತ್ತದೆ.

ಅಂಗಳದಲ್ಲಿ ಎಳೆ ಬಿಸಿಲು ಬಿದ್ದಿತ್ತು. ಚಾಪೆಯ ಮೇಲೆ ಒಗೆದ ಪಂಚೆ ಹಾಸಿದೆ. ಹೊಸ ಬ್ಲೇಡು, ಸಣ್ಣ ಸೂಜಿ, ರೇಷ್ಮೆ, ಚಿಕ್ಕ ಕತ್ತರಿ, ಹುಬ್ಬಿನ ಕೂದಲು ಕೀಳುವ ಸೊಸೆಯ ಚಿಮಟ, ಎಲ್ಲವನ್ನೂ ಪಾತ್ರೆಯಲ್ಲಿ ಕುದಿಸಿದೆ. ಕುದಿಸಿ ಆರಿಸಿದ ಉಪ್ಪುನೀರು ಒಂದು ಚೊಂಬು. ಔಷಧಿ ಅಂಗಡಿಯ ಕಂದು ಬಣ್ಣದ ಗಾಯದ ಔಷಧಿ. ಸೊಸೆ ಕಾಲು ಚಾಚಿ ಕೂತಳು. ಕೋಳಿಯ ರೆಕ್ಕೆ, ಕಾಲು ಸೇರಿಸಿ ಟವೆಲ್ಲು ಸುತ್ತಿ ಅವಳ ತೊಡೆಯ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಮುಚ್ಚಿದೆವು. ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಚೀಲದ ಮೇಲಿನ ಪುಕ್ಕ ಒಂದೊಂದೇ ಕಿತ್ತೆ. ಚರ್ಮ ತೆಳ್ಳಗೆ, ತೊಳೆದ ಪಾಲಿಥಿನ್ ಹಾಗೆ. ಔಷಧಿ ಒರೆಸಿದೆ.

ಮಗ ಬರಲಿಲ್ಲ. ಮಗ್ಗಕ್ಕೆ ಹೋಗಿ ಕೂತ. ಲಾಳಿಯ ಸದ್ದು ಮಾತ್ರ ಬರುತ್ತಿರಲಿಲ್ಲ.

ಬ್ಲೇಡು ಇಟ್ಟು ಒಂದು ಸಲ ತೆಗೆದೆ. ಸೊಸೆ ತನ್ನ ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಹಿಡಿದುಕೊಟ್ಟಳು. ಮತ್ತೆ ಇಟ್ಟು ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಎಳೆದೆ. ಹೆದರಿದಷ್ಟು ರಕ್ತ ಬರಲಿಲ್ಲ, ನಾಲ್ಕು ಹನಿ. ಚರ್ಮ ಸರಿಸಿ, ಕೆಳಗಿನ ಚೀಲವನ್ನು ಚಿಮಟದಲ್ಲಿ ಎತ್ತಿ, ಇನ್ನೂ ಚಿಕ್ಕದಾಗಿ ಕೊಯ್ದೆ. ಹುಳಿ ನಾತ ಮುಖಕ್ಕೆ ಹೊಡೆಯಿತು. ಮೊದಲು ರಾಗಿಯ ಗಸಿ ಬಂತು, ನನ್ನದೇ ಗಂಜಿ. ಆಮೇಲೆ ಜೋಳ, ಹುಲ್ಲು, ಒಂದು ಬಳೆಚೂರು. ಆಮೇಲೆ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಚಿಮಟದಲ್ಲಿ ಹಿಡಿದು ತಿರುಗಿಸುತ್ತಾ ತಿರುಗಿಸುತ್ತಾ ಮೇಲೆ ತಂದೆ. ಅಡಕೆಗಿಂತ ದೊಡ್ಡದಾದ ಕೆಂಪು ರೇಷ್ಮೆಯ ಉಂಡೆ, ಮಧ್ಯೆ ಮಧ್ಯೆ ಬೂದಿ ಬಣ್ಣದ ಅನ್ನದ ಅಗುಳು. ಗಂಟಲಲ್ಲಿ ಉಳಿದಿದ್ದ ತುದಿಯೂ ಅದರ ಹಿಂದೆ ಇಳಿದು ಬಂತು. ಸೊಸೆ ಉಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಕೋಳಿಯನ್ನು ಬಿಗಿಯಾಗಿ ಹಿಡಿದಳು.

ಉಂಡೆ ಪೂರಾ ಬರಲಿಲ್ಲ. ಅದರಿಂದ ಮೂರು ಎಳೆ ಹೊರಟು, ಚೀಲದ ತಳದಿಂದ ಕೆಳಗೆ, ಹೊಟ್ಟೆಯ ಕಡೆಗೆ ಹೋಗಿದ್ದವು. ಎಷ್ಟು ಉದ್ದ ಹೋಗಿದ್ದವೋ ಕಾಣುವುದಿಲ್ಲ. ಉಂಡೆ ನನ್ನ ಎಡಗೈಯಲ್ಲಿತ್ತು. ಬಲಗೈ ತಾನಾಗಿ ಹೋಗಿ ಎಳೆ ಹಿಡಿದಿತ್ತು. ಒಂಚೂರು ಜಗ್ಗಿದರೆ ಬರಬಹುದು ಎಂದು ಅದು ಹೇಳುತ್ತಿತ್ತು. ಒಳಗೆ ಬಿಟ್ಟರೆ ಕರುಳಿಗೆ ಸುತ್ತಿಕೊಂಡರೇನು ಗತಿ? ಎಳೆದರೆ ಎಲ್ಲಿ ಕೊಯ್ಯುತ್ತದೋ? ಡಾಕ್ಟರಿಗೆ ಫೋನು ಮಾಡಲು ಇಬ್ಬರ ಕೈಯೂ ಖಾಲಿ ಇರಲಿಲ್ಲ. ಎಳೆಯನ್ನು ಮಧ್ಯದಲ್ಲಿ ಕತ್ತರಿಸುವುದು ನಾವು ಕಲಿತ ಕೆಲಸವಲ್ಲ. ತುಂಡಾದದ್ದನ್ನು ಸೇರಿಸಿಯೇ ನಮ್ಮ ಹೊಟ್ಟೆ ತುಂಬಿದೆ. ನಿನ್ನೆಯ ನೀಲಿ ನಾಲಿಗೆ ನೆನಪಾಯಿತು. ಕತ್ತರಿ ತೆಗೆದುಕೊಂಡು ಮೂರನ್ನೂ ಆದಷ್ಟು ಕೆಳಗೆ ಕತ್ತರಿಸಿದೆ. ತುದಿಗಳು ಒಳಗೆ ಜಾರಿ ಕಾಣದಾದವು.

ಉಪ್ಪುನೀರಿನಿಂದ ಚೀಲ ತೊಳೆದೆ. ಸೂಜಿಗೆ ದಾರ ಪೋಣಿಸಲು ನನ್ನಿಂದಾಗಲಿಲ್ಲ, ಸೊಸೆ ಒಂದು ಕೈಯಲ್ಲಿ ಕೋಳಿ ಹಿಡಿದುಕೊಂಡೇ ಹಲ್ಲಲ್ಲಿ ಸೂಜಿ ಕಚ್ಚಿ ಪೋಣಿಸಿಕೊಟ್ಟಳು. ಕುದಿಸಿದ ಸೂಜಿಯನ್ನು ಬಾಯಿಗೆ ಹಾಕಿದೆಯಲ್ಲೇ ಎಂದು ಮತ್ತೆ ಔಷಧಿಯಲ್ಲಿ ಅದ್ದಿದೆ. ಚೀಲಕ್ಕೆ ನಾಲ್ಕು ಹೊಲಿಗೆ, ಚರ್ಮಕ್ಕೆ ಐದು. ಮುಗಿಸಿ ತಲೆ ಎತ್ತಿದರೆ ಗೋಡೆಯ ಮೇಲೆ ಎದುರು ಮನೆಯವಳ ಮುಖ. ಎಷ್ಟು ಹೊತ್ತಿನಿಂದ ಇತ್ತೋ. ಸೀರೆ ಹರಿದರೆ ನಿನ್ನ ಹತ್ತಿರವೇ ತರುತ್ತೇನೆ ಎಂದು ತೆಲುಗಿನಲ್ಲಿ ಅಂದಳು.

ಕೊಯ್ಯುವುದು ಮುಗಿಯಿತು, ಕಾಯುವುದು ಶುರುವಾಯಿತು. ಮೊದಲ ದಿನ ಗಂಟೆಗೆ ನಾಲ್ಕು ಹನಿ ಸಕ್ಕರೆ ನೀರು, ಅಷ್ಟೇ. ಸಂಜೆ ಮರಿಗಳ ದನಿ ಕೇಳಿ ಚುಕ್ಕಿ ಏಳಲು ಹೋಗಿ ಬಿದ್ದಿತು. ಹಾಗೆ ಬಿದ್ದರೆ ಹೊಲಿಗೆ ಬಿಚ್ಚುತ್ತದೆ ಎಂದು ಎಂಟನ್ನೂ ತಂದು ಅದರ ಬುಟ್ಟಿಗೆ ಬಿಟ್ಟೆ. ರೆಕ್ಕೆಯ ಅಡಿ ನುಗ್ಗಿ ಸುಮ್ಮನಾದವು. ಅಂದು ಇಟ್ಟಿಗೆಗೆ ರಜೆ.

ಗುರುವಾರ ಹೊಸ ಗಂಡಾಂತರ. ಮರಿಗಳಿಗೆ ಬಿಳಿಯ ತುದಿ ಹುಳದ ಹಾಗೆ ಕಂಡಿದೆ. ಒಂದು ಮರಿ ತಾಯಿಯ ಎದೆಯ ಹೊಲಿಗೆಯ ದಾರ ಕಚ್ಚಿ ಹಿಂದಕ್ಕೆ ಜಗ್ಗುತ್ತಾ ನಿಂತಿತ್ತು. ಎಳೆ ಕಂಡರೆ ಎಳೆಯುವ ಜಾತಿ ನಮ್ಮ ಮನೆಯಲ್ಲಿ ಇನ್ನೊಂದು ಹುಟ್ಟಿತಲ್ಲ ಎಂದು ನಗುತ್ತಲೇ ಮರಿಯನ್ನು ಬಿಡಿಸಿದೆ. ಚರ್ಮದ ಒಂದು ಹೊಲಿಗೆ ಬಿಚ್ಚಿತ್ತು. ಕೆಳಗಿನ ಚೀಲ ಬಿಚ್ಚಿರಲಿಲ್ಲ. ಔಷಧಿ ಹಚ್ಚಿ, ತುದಿಗಳನ್ನು ಗಿಡ್ಡ ಮಾಡಿ, ಹಳೇ ಪಂಚೆಯ ತುಂಡಿನಿಂದ ಮಗುವಿಗೆ ಕಟ್ಟುವ ಹಾಗೆ ಕತ್ತಿಗೆ ಎದೆಬಟ್ಟೆ ಕಟ್ಟಿದೆ. ಅಂದು ಮೊಸರಲ್ಲಿ ನೆನೆಸಿದ ಮೆತ್ತನೆಯ ಅನ್ನ ಅರ್ಧ ಚಮಚ ಕೊಟ್ಟೆ. ನುಂಗಿತು. ಕೆಳಗೆ ಇಳಿಯುತ್ತದೋ ಇಲ್ಲವೋ?

ಒಳಗೆ ಬಿಟ್ಟ ಮೂರು ಎಳೆಯದೇ ಯೋಚನೆ. ಪ್ರತಿ ಹಿಕ್ಕೆಯನ್ನೂ ಕಡ್ಡಿಯಿಂದ ಬಿಡಿಸಿ ನೋಡಿದೆ. ಕನ್ನಡಕ ಹಾಕಿಕೊಂಡು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಿಕ್ಕೆ ಕೆದಕುವ ಮುದುಕಿಯನ್ನು ನೋಡಿ ಮಗ ಮೊದಲ ಸಲ ನಕ್ಕ. ಶುಕ್ರವಾರ ಮಧ್ಯಾಹ್ನ ಒಂದು ಹಿಕ್ಕೆಯಲ್ಲಿ ಕೆಂಪು ಕಂಡಿತು. ನೀರಲ್ಲಿ ತೊಳೆದೆ. ಬೆರಳುದ್ದದ ಎಳೆ. ಸಂಜೆಗೆ ಇನ್ನೊಂದು. ಮೂರನೆಯದು ಬರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಶನಿವಾರ ಬೆಳಗಾಗುವ ಮುಂಚೆ ಕೊಟ್ಟಿಗೆಗೆ ಹೋದೆ. ಹಿಂದಿನ ಸಂಜೆ ಎರಡು ಚಮಚ ಅನ್ನ ತಿಂದಿತ್ತು, ಚೀಲ ತುಂಬಿದ್ದನ್ನು ನೋಡಿಯೇ ಮಲಗಿದ್ದೆ. ಎದೆಬಟ್ಟೆಯ ಕೆಳಗೆ ಕೈ ತೂರಿಸಿದೆ. ಹೊಲಿಗೆಯ ಗಂಟುಗಳು ಸಿಕ್ಕವು. ಅವುಗಳ ಹಿಂದೆ ಏನೂ ಸಿಗಲಿಲ್ಲ. ಚರ್ಮ ಚಪ್ಪಟೆಯಾಗಿ ಎದೆಮೂಳೆಗೆ ಅಂಟಿತ್ತು. ಇನ್ನೊಂದು ಸಲ ಮುಟ್ಟಿ ನೋಡಿದೆ. ಖಾಲಿ. ಚುಕ್ಕಿ ನನ್ನ ಕೈಯನ್ನು ಕುಕ್ಕಿತು, ಬುಟ್ಟಿ ಎತ್ತಿದ ಕೂಡಲೇ ಪಾದ ತುಳಿದುಕೊಂಡು ಆಚೆ ಹೋಯಿತು. ಎಂಟೂ ಅದರ ಹಿಂದೆ.

ಮಗ, ಸೊಸೆ ಇಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದರು. ಕೋಳಿ ಗೆದ್ದಿತು ಅಂದೆ. ಆಮೇಲೆ ನಿಂತೇ ಉಳಿದೆ. ಮಗನಿಗೆ ಹೇಳಿದೆ, ಅಂಗಳದಲ್ಲಿ ಎಳೆ ಎಸೆದವಳು ನಾನು, ಅನ್ನ ಹಚ್ಚಿ ಹೊಸೆದವಳೂ ನಾನು, ಬೆರಳು ನಿಲ್ಲದೆ ಹಾಗೆ ಮಾಡಿದೆ, ನೀನು ಬೈಯುವಾಗ ಬಾಯಿ ಮುಚ್ಚಿಕೊಂಡಿದ್ದೆ. ಅವನು ಲೋಟ ಕೆಳಗಿಟ್ಟು ಹೆಂಡತಿಯ ಕಡೆ ನೋಡಿದ.

"ನಂಗೆ ಬುಧವಾರನೇ ಗೊತ್ತಾತು ಬಿಡ್ರಿ ಅತ್ತೆ," ಅಂದಳು ಸೊಸೆ. "ಉಂಡೆ ತುಂಬ ಅನ್ನ ಇತ್ತಲ್ಲ. ಮೊದ್ಲು ಕೋಳಿ ಬದುಕ್ಲಿ, ಜಗಳ ಆಮ್ಯಾಲೆ ಆಡಾಣ ಅಂತ ಸುಮ್ನಿದ್ದೆ."

"ಈಗ ಬದುಕೈತಲ್ಲ," ಅಂದೆ.

"ಹೂಂ. ಕೂತ್ಕಳ್ರಿ, ಈಗ ಆಡಾಣ."

ನನ್ನ ಕಾಫಿ ತೆಗೆದುಕೊಂಡು ಅವಳ ಎದುರಿಗೆ ಕೂತೆ.